ತಲೆಯಿಲ್ಲದ ಬೇಸು, ಒಂದು ಖಾಲಿ ಬರ್ತು

೧

ಎಲ್ಲಿಂದ ಶುರು ಮಾಡಲಿ? ಬೇಸ್ ಗಿಟಾರಿನಿಂದ ಶುರು ಮಾಡಿದರೆ ಇದು ಸಂಗೀತದ ಕತೆ ಅಂದುಕೊಳ್ಳುತ್ತೀರಿ. ಹೆಂಡತಿಯಿಂದ ಶುರು ಮಾಡಿದರೆ ಸಂಸಾರದ ಕತೆ ಅನ್ನುತ್ತೀರಿ. ಫೈಜಾನನಿಂದ ಶುರು ಮಾಡಲು ನನಗಿಷ್ಟವಿಲ್ಲ. ಅವನಿಗೆ ನನ್ನ ಕತೆಯ ಮೊದಲ ಸಾಲು ಬಿಟ್ಟುಕೊಡುವಷ್ಟು ದೊಡ್ಡ ಮನಸ್ಸು ನನ್ನದಲ್ಲ. ನೇರವಾಗಿ ಹೇಳಿಬಿಡುತ್ತೇನೆ: ಇದು ಹೊಟ್ಟೆಕಿಚ್ಚಿನ ಕತೆ. ಕಿಚ್ಚೂ ನನ್ನದೇ, ಹೊಟ್ಟೆಯೂ ನನ್ನದೇ.

(ನೋಡಿ, ಕೊಡುವುದಿಲ್ಲ ಎನ್ನುತ್ತಲೇ ಮೊದಲ ಪ್ಯಾರಾದಲ್ಲಿ ಅವನಿಗೆ ಜಾಗ ಕೊಟ್ಟಾಯಿತು. ಅವನ ಅದೃಷ್ಟವೇ ಅಂಥದ್ದು.)

೨

ಪಾತ್ರಗಳು ಮೂರೇ. ನಯನಾ ನನ್ನ ಹೆಂಡತಿ, ರೈಲಿನಲ್ಲಿ ಟಿಕೆಟ್ ನೋಡುವ ಟಿಟಿಇ. ಯಶವಂತಪುರದಲ್ಲಿ ಹತ್ತಿ ಹುಬ್ಬಳ್ಳಿಯಲ್ಲಿ ಇಳಿದು, ಅಲ್ಲಿನ ರೆಸ್ಟ್ ಹೌಸಿನಲ್ಲಿ ಹಗಲು ಕಳೆದು, ಮತ್ತೊಂದು ರೈಲಿನಲ್ಲಿ ವಾಪಸ್ ಬರುತ್ತಾಳೆ. ಫೈಜಾನ್ ಅವಳ ಸಹೋದ್ಯೋಗಿ, ಗಿಟಾರ್ ನುಡಿಸುತ್ತಾನೆ; ಇವಳದು ಬೇಸ್ ಗಿಟಾರ್, ಅಂದರೆ ಹಾಡಿನ ತಳದಲ್ಲಿರುವ ಮಂದ್ರ ದನಿ. ಇಬ್ಬರೂ ಸೇರಿ ನೌಕರರ ವಾರ್ಷಿಕೋತ್ಸವಕ್ಕೆ ಒಂದು ಹಾಡು ತಯಾರು ಮಾಡುತ್ತಿದ್ದಾರೆ. ನಾನು ಅಲ್ಲಾಳಸಂದ್ರದ ಬಾಡಿಗೆ ಮನೆಯಲ್ಲಿ ಕೂತು ಕತೆ ಬರೆಯುವವನು. ಸಭೆಯಲ್ಲಿ ಚಪ್ಪಾಳೆ ತಟ್ಟಿದರೂ ತಾಳ ತಪ್ಪಿ ಪಕ್ಕದವರು ತಿರುಗಿ ನೋಡುತ್ತಾರೆ.

೩

ಹುಬ್ಬಳ್ಳಿಗೂ ಒಯ್ದು ಅಭ್ಯಾಸ ಮಾಡುವಂಥ ಬೇಸ್ ಕೊಳ್ಳಲು ನಾನೂ ನಯನಾಳೂ ಆರ್‌.ಟಿ. ನಗರದ ಅಂಗಡಿಗೆ ಹೋದೆವು. ಅಂಗಡಿಯ ರಹಮತುಲ್ಲಾ ಸಾಹೇಬರು ಮೊದಲು ಒಂದು ಕೆಂಪು ಬೇಸ್ ತೆಗೆದರು. ಉದ್ದ ಕತ್ತು, ದೊಡ್ಡ ಹೊಟ್ಟೆ, ಪಾಲಿಶ್ ಎಷ್ಟಿತ್ತೆಂದರೆ ನನ್ನ ಬೋಳುತಲೆ ಅದರಲ್ಲಿ ಕಾಣುತ್ತಿತ್ತು. “ಇದೇ ತಗೋ,” ಅಂದೆ.

“ಇದನ್ನ ಬರ್ತ್ ಕೆಳಗೆ ಇಟ್ರೆ ಪ್ಯಾಸೆಂಜರ್ ಕಾಲು ಎಲ್ಲಿ ಇಡ್ತಾರೆ?” ಅಂದಳು ನಯನಾ.

ಎರಡನೆಯದು ಪುಟ್ಟದು, ರಬ್ಬರ್ ತಂತಿಯದು. ಲಂಗದ ಎಲಾಸ್ಟಿಕ್ ಎಳೆದ ಹಾಗಿತ್ತು, ಆದರೆ ದನಿ ಮಾತ್ರ ಗುಂಯ್ ಎಂದು ತುಂಬಿ ಬಂತು. ಅವಳು ಬೆರಳು ನೋಡಿಕೊಂಡು, ಜಾರುತ್ತದೆ ಎಂದು ಕೆಳಗಿಟ್ಟಳು. ಮೂರನೆಯದಕ್ಕೆ ತಲೆಯೇ ಇರಲಿಲ್ಲ. ಶ್ರುತಿ ಮಾಡುವ ತಿರುಪುಗಳೆಲ್ಲ ಕೆಳತುದಿಯಲ್ಲಿದ್ದವು. ಮೈ ಎನ್ನುವಂಥದ್ದು ಇಲ್ಲವೇ ಇಲ್ಲ, ಕತ್ತೇ ಸ್ವಲ್ಪ ಅಗಲವಾಗಿ ಮುಗಿದಿತ್ತು. ಪಕ್ಕದಲ್ಲಿ ಹೆಡ್‌ಫೋನ್ ಚುಚ್ಚಲು ಒಂದು ತೂತು.

“ಪ್ರಯಾಣಕ್ಕೆ ಅಂತಾನೇ ಮಾಡಿರೋದು ಅಮ್ಮಾ. ಪಕ್ಕದಲ್ಲಿ ಮಲಗಿರೋರಿಗೂ ಗೊತ್ತಾಗಲ್ಲ,” ಅಂದರು ಸಾಹೇಬರು.

ಪಕ್ಕದಲ್ಲಿ ಮಲಗುವವನು ನಾನು. ಸಾಹೇಬರ ಆ ಮಾತು ನನಗೆ ಸರಿಬರಲಿಲ್ಲ.

ನಯನಾ ನನ್ನ ಮುಖ ನೋಡಿದಳು, ಆಮೇಲೆ ಫೋನ್ ತೆಗೆದು ಫೈಜಾನನಿಗೆ ವಿಡಿಯೋ ಕಾಲ್ ಮಾಡಿದಳು. “ತಂತಿ ಕತ್ತಿನಿಂದ ಸ್ವಲ್ಪ ಎತ್ತರ ಇದೆ ಕಣೋ, ಇಳಿಸ್ಬಹುದಾ?” ಅವನು ಫೋನಿನೊಳಗಿಂದ “ಇಳಿಸ್ಬಹುದು, ತಗೊಂಡ್ಬಿಡು ಗುರೂ,” ಅಂದ. ಅವಳು ತಗೊಂಡಳು. ಪಕ್ಕದಲ್ಲೇ ನಿಂತಿದ್ದ ನನಗೆ ಚೀಲ ಹಿಡಿದುಕೊಳ್ಳುವ ಕೆಲಸ ಸಿಕ್ಕಿತು.

೩ (ಮತ್ತೆ)

(ಮೇಲಿನದನ್ನು ಓದಿ ನಯನಾ ಹೇಳಿದ್ದು: “ನಿನ್ನನ್ನೂ ಕೇಳಿದ್ದೆ. ನೀನು ಕೆಂಪು ಚೆನ್ನಾಗಿದೆ ಅಂದೆ. ಅದನ್ನ ಬೇಸ್ ಅಂತ ನೋಡ್ಲೇ ಇಲ್ಲ, ಸೋಫಾ ಥರ ನೋಡಿದೆ.” ಲೇಖಕನ ಸ್ವಾತಂತ್ರ್ಯ ಬಳಸಿ ಇದನ್ನು ಆವರಣದೊಳಗೆ ಹಾಕಿದ್ದೇನೆ.)

೪

ಹೆಡ್‌ಫೋನ್ ಹಾಕಿಕೊಂಡವರ ಬೇಸ್ ಹೊರಗೆ ಹೇಗೆ ಕೇಳುತ್ತದೆ ಗೊತ್ತೇ? ಟುಕ್. ಟುಕ್ ಟುಕ್. ಅಷ್ಟೇ. ಸಂಜೆ ಬಾಲ್ಕನಿಯಲ್ಲಿ ಅವಳು ನುಡಿಸುತ್ತಾಳೆ, ಮೇಲೆ ದೇವನಹಳ್ಳಿಯ ಕಡೆಗೆ ವಿಮಾನ ಇಳಿಯುತ್ತದೆ. ಅವಳ ಕಿವಿಯಲ್ಲಿ ಪೂರ್ತಿ ಹಾಡಿದೆ. ಫೈಜಾನ್ ರೆಕಾರ್ಡ್ ಮಾಡಿ ಕಳಿಸಿದ ಗಿಟಾರು, ಡ್ರಮ್ಮು, ಅದರ ಕೆಳಗೆ ಇವಳ ಬೇಸು. ನನ್ನ ಕಿವಿಗೆ ಟುಕ್ ಟುಕ್. ಯಾರೋ ಪಕ್ಕದ ಮನೆಯಲ್ಲಿ ಬೀನ್ಸ್ ಕತ್ತರಿಸುತ್ತಿದ್ದಾರೆ ಅನ್ನಬೇಕು.

ಅದನ್ನಾದರೂ ಸಹಿಸಿಕೊಳ್ಳಬಹುದು. ಒಂದು ಜಾಗದಲ್ಲಿ, ಪ್ರತಿ ಸಲವೂ ಅದೇ ಜಾಗದಲ್ಲಿ, ಅವಳು ಕಣ್ಣು ಮುಚ್ಚಿ ನಗುತ್ತಾಳೆ. ಯಾರಿಗೆ ಆ ನಗು? ಮದುವೆಯ ಆಲ್ಬಮ್ಮಿನಲ್ಲಿ ಹುಡುಕಿದೆ. ಆ ನಗು ಅಲ್ಲಿಲ್ಲ. ನನಗೆ ಹೊಟ್ಟೆ ಉರಿಯಿತು. ಅಷ್ಟೇ ಅಲ್ಲ, ಭಯವೂ ಆಯಿತು. ಅವಳೊಳಗೆ ನನಗೆ ಟಿಕೆಟ್ಟೇ ಇಲ್ಲದ ಒಂದು ಬೋಗಿ ಇದೆ ಅನಿಸಿತು.

೫ (ಹೊಡೆದು ಹಾಕಿದ ಕರಡು)

ಹೆಬ್ಬಾಳದ ಫ್ಲೈಓವರ್ ಮೇಲೆ ಫೈಜಾನನ ಬೈಕು ನೂರರ ವೇಗದಲ್ಲಿ ಸಾಗುತ್ತಿತ್ತು. ಎದುರಿಗೆ ಬಂದ ಲಾರಿಯನ್ನು ಅವನು ಗಮನಿಸಲಿಲ್ಲ.

೬

ಈ ಕರಡನ್ನು ನಯನಾ ಓದಿದಳು, ನಕ್ಕಳು, ಫೈಜಾನನಿಗೆ ಫಾರ್ವರ್ಡ್ ಮಾಡಿದಳು. ಅವನು ಭಾನುವಾರ ತಂತಿ ಇಳಿಸುವ ನೆಪದಲ್ಲಿ ಮನೆಗೇ ಬಂದ. ಕೈಯಲ್ಲಿ ಅವನ ಅಮ್ಮ ಫಖ್ರುನ್ನೀಸಾ ಕಳಿಸಿದ ಬಿರಿಯಾನಿಯ ಡಬ್ಬಿ.

“ಅಣ್ಣಾ, ನನ್ನನ್ನ ಸಾಯಿಸಿಬಿಟ್ರಂತೆ?”

“ಅದು ಕರಡು ಕಣಯ್ಯ.”

“ಸಾಯೋದಕ್ಕೆ ಬೇಜಾರಿಲ್ಲ ಅಣ್ಣಾ. ಆದ್ರೆ ಹೆಬ್ಬಾಳದಲ್ಲಿ ನೂರರ ಸ್ಪೀಡು ಅಂದ್ರೆ ಯಾರ್ ನಂಬ್ತಾರೆ? ಅಲ್ಲಿ ಇಪ್ಪತ್ತು ದಾಟಲ್ಲ ಗಾಡಿ. ಮತ್ತೆ ಎದುರಿಗೆ ಲಾರಿ ಹೆಂಗ್ ಬರುತ್ತೆ, ಅದು ಒನ್‌ವೇ.”

ನಯನಾ ಅಡುಗೆಮನೆಯಲ್ಲಿ ನಗುತ್ತಿದ್ದಳು. ಬಿರಿಯಾನಿ ಬಹಳ ಚೆನ್ನಾಗಿತ್ತು. ಖಳನಾಯಕನ ತಾಯಿ ಇಷ್ಟು ಚೆನ್ನಾಗಿ ಅಡುಗೆ ಮಾಡಬಾರದು, ಕತೆ ಹಾಳಾಗುತ್ತದೆ.

೭

ಅವನು ಹೋದ ಮೇಲೆ ನಯನಾ ಸ್ನಾನಕ್ಕೆ ಹೋದಳು. ಬೇಸು ಸೋಫಾದ ಮೇಲೆ ಮಲಗಿತ್ತು, ಅವಳ ಫೋನಿನಲ್ಲಿ ಆ ಹಾಡು ತೆರೆದೇ ಇತ್ತು. (ಓದುಗರೇ, ನೀವು ಬೇಡ ಅಂದಿದ್ದರೂ ನಾನು ಕೇಳುತ್ತಿರಲಿಲ್ಲ.) ಹೆಡ್‌ಫೋನ್ ಹಾಕಿಕೊಂಡೆ.

ಪ್ರೇಮಗೀತೆ ಇರುತ್ತದೆ ಅಂದುಕೊಂಡಿದ್ದೆ. ಪಿಸುಮಾತು ಇರುತ್ತದೆ ಅಂದುಕೊಂಡಿದ್ದೆ. ಹಾಡಿನಲ್ಲಿ ಬೇಸ್ ಇರಲಿಲ್ಲ, ಅದು ಅವಳು ನುಡಿಸಬೇಕಾದದ್ದು ತಾನೇ. ಮಧ್ಯದಲ್ಲಿ ಫೈಜಾನನ ದನಿ “ಇಲ್ಲಿಂದ ನೀನು” ಎಂದಿತು. ಆಮೇಲೆ ಗಿಟಾರ್ ನಿಂತಿತು. ಡ್ರಮ್ ನಿಂತಿತು. ಎಣಿಕೆ ತಪ್ಪದಿರಲಿ ಎಂದು ಎಲ್ಲೋ ದೂರದಲ್ಲಿ ಟಿಕ್ ಟಿಕ್. ನಾಲ್ಕು ಆವರ್ತ ಖಾಲಿ. ಅವಳು ನಗುವುದು ಇಲ್ಲೇ.

ಪ್ರೇಮಗೀತೆ ಸಿಕ್ಕಿದ್ದರೆ ನಾನು ಜಗಳವಾಡಬಹುದಿತ್ತು. ಖಾಲಿ ಜಾಗದ ಮೇಲೆ ಹೇಗೆ ಜಗಳವಾಡುವುದು? ಅವಳು ಬಂದೇ ಬರುತ್ತಾಳೆ ಎಂದು ಅಷ್ಟು ಧೈರ್ಯವಾಗಿ ಸುಮ್ಮನಿರುವವನ ಮೇಲೆ ನನಗೆ ಹಿಂದೆಂದೂ ಆಗದಷ್ಟು ಹೊಟ್ಟೆಕಿಚ್ಚಾಯಿತು.

೮

“ಏನ್ ಸಿಕ್ತು?”

ತಲೆಗೆ ಟವೆಲ್ ಸುತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು.

“ಏನೂ ಇಲ್ಲ.”

“ಹೂಂ, ಏನೂ ಇಲ್ಲ. ಅದೇ ಚೆನ್ನಾಗಿರೋದು,” ಅಂದಳು. ಪಕ್ಕದಲ್ಲಿ ಕೂತಳು. “ನಿನ್ನ ಕತೇಲಿ ನಂಗೆ ಒಂದು ಸಾಲಾದ್ರೂ ಹಿಂಗೆ ಬಿಟ್ಟಿದೀಯೇನೋ? ನಾನು ನಗೋದು ನೀನೇ ಬರೀತೀಯ, ಯಾಕೆ ನಕ್ಕೆ ಅಂತಾನೂ ನೀನೇ ಬರೀತೀಯ. ಏನಾದ್ರೂ ಹೇಳಿದ್ರೆ ಬ್ರಾಕೆಟ್ಟಲ್ಲಿ ಹಾಕ್ತೀಯ.”

“ಸರಿ, ಬಿಡ್ತೀನಿ. ಬಂದು ಬರಿ.”

“ಮೊದ್ಲು ಬಿಡು. ಆಮೇಲೆ ನೋಡೋಣ.”

“ಬರ್ತೀಯಾ ಇಲ್ವಾ?”

“ಜಾಗ ಬಿಡೋದಕ್ಕೂ ಷರತ್ತಾ?” ಅಂದಳು. ಸಂಜೆ ಕೋಟು ಹಾಕಿಕೊಂಡು, ಬೇಸನ್ನು ಛತ್ರಿಯ ಹಾಗೆ ಹೆಗಲಿಗೇರಿಸಿಕೊಂಡು, ಯಶವಂತಪುರಕ್ಕೆ ಹೊರಟುಹೋದಳು.

೯

ಅಂತ್ಯಗಳು. ಮೊದಲನೆಯದು: ವಾರ್ಷಿಕೋತ್ಸವದಲ್ಲಿ ಅವಳು ನುಡಿಸುತ್ತಾಳೆ, ಆ ನಾಲ್ಕು ಆವರ್ತದಲ್ಲಿ ಕಣ್ಣು ತೆರೆದು ನನ್ನನ್ನೇ ನೋಡಿ ನಗುತ್ತಾಳೆ. (ನನಗೆ ಇದೇ ಬೇಕು. ಆದರೆ ಇದೂ ನಾನೇ ಬರೆದ ನಗು.) ಎರಡನೆಯದು: ಬೇಸು ರೈಲಿನಲ್ಲಿ ಕಳುವಾಗುತ್ತದೆ. ಇದನ್ನು ಹೇಳಲು ಫೋನ್ ಮಾಡಿದೆ. “ನನ್ನ ಬೇಸ್ ಮುಟ್ಟಿದ್ರೆ ನೋಡು!” ಅಂದಳು, ಹಿಂದೆ ಯಾರೋ ಲೋಯರ್ ಬರ್ತ್ ಕೇಳುತ್ತಿದ್ದರು.

“ನಾಲ್ಕು ಸಾಲು ಬಿಟ್ಟಿದೀನಿ,” ಅಂದೆ.

“ಈಗ ತಾನೆ ಗಾಡಿ ಹೊರಟಿದೆ. ಇಡ್ತೀನಿ,” ಅಂದು ಇಟ್ಟಳು.

೧೦

ಇಗೋ, ಇಲ್ಲಿ:

.........................

.........................

.........................

.........................

೧೧

ಅವಳಿನ್ನೂ ಬಂದಿಲ್ಲ. ಹೊಟ್ಟೆಕಿಚ್ಚು ಹೋಯಿತೇ ಎಂದು ಕೇಳಬೇಡಿ, ಹೋಗಿಲ್ಲ. ಮೇಲಿನ ಜಾಗ ನೋಡಿದಾಗೆಲ್ಲ ಕೈ ತುರಿಸುತ್ತದೆ. ಒಂದೇ ಒಂದು ಸಾಲು ನಾನು ಬರೆದರೆ ಯಾರಿಗೆ ಗೊತ್ತಾಗುತ್ತದೆ? ಅವಳ ಹಾಗೆಯೇ ಬರೆಯಬಲ್ಲೆ, ಕೊನೆಗೊಂದು ‘ಕಣೋ’ ಸೇರಿಸಿದರೆ ಆಯಿತು.

ಆದರೆ ಅವಳ ಕೆಲಸದ ಒಂದು ಕ್ರಮವಿದೆ. ಯಶವಂತಪುರದಲ್ಲಿ ಹತ್ತಬೇಕಾದವರು ಹತ್ತದಿದ್ದರೆ, ಅವರ ಬರ್ತನ್ನು ಅವಳು ಮುಂದಿನ ನಿಲ್ದಾಣ ಬರುವವರೆಗೆ ಬೇರೆಯವರಿಗೆ ಕೊಡುವುದಿಲ್ಲ. ಅರ್ಧ ಸೀಟಿನಲ್ಲಿ ಮುದುರಿ ಕೂತ ಆರ್‌ಎಸಿಯವರು ಎಷ್ಟೇ ಗೋಗರೆದರೂ, “ತುಮಕೂರಲ್ಲಿ ಹತ್ಬಹುದು, ಕೂತ್ಕೊಳ್ಳಿ ಸಾರ್,” ಅನ್ನುತ್ತಾಳೆ. ಅವರು ಆ ಖಾಲಿ ಬರ್ತನ್ನೇ ನೋಡುತ್ತಾ ಕೂರುತ್ತಾರೆ. ನಾನೀಗ ಕೂತಿರುವುದೂ ಹಾಗೆಯೇ.

ಓದುಗರೇ, ನಿಮಗೂ ಅಲ್ಲೊಂದು ಸಾಲು ತೋಚುತ್ತಿರಬಹುದು. ದಯವಿಟ್ಟು ಟವೆಲ್ ಹಾಕಬೇಡಿ. ತುಮಕೂರು ಇನ್ನೂ ಬಂದಿಲ್ಲ.