ಮ್ಯಾಗ್ನೆಟ್ ಮುಂದೆ ಕಬ್ಬಿಣದ ಮಾತ್ರೆ

ಸ್ಪೀಕರ್ ರಿಪೇರಿಯವನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಮದುವೆಯಾದ ಆರು ವರ್ಷಕ್ಕೆ ಹೆಂಡತಿ ಬಸುರಿ, ಈಗ ನಾಲ್ಕು ತಿಂಗಳು. ಅಂಗಡಿಗೆ ಬಂದವರಿಗೆಲ್ಲ ರಿಪೇರಿಗಿಂತ ಮೊದಲು ಈ ಸುದ್ದಿ ಸಿಗುತ್ತಿತ್ತು. ಮಗುವಿಗಾಗಿ ಅವನೊಂದು ಘನಕಾರ್ಯವನ್ನೂ ಮಾಡಿದ್ದ. ಹೆಂಡತಿಯ ಕಬ್ಬಿಣಾಂಶದ ಮಾತ್ರೆಗಳನ್ನು ಮೂರು ವಾರದಿಂದ ಬಚ್ಚಿಟ್ಟಿದ್ದ.

ಅವಳ ರಕ್ತ ಪರೀಕ್ಷೆಯ ಚೀಟಿ ನೋಡಿದ ಆಸ್ಪತ್ರೆಯ ನರ್ಸಕ್ಕ ನೇರ ಅಂಗಡಿಗೇ ಬಂದರು. "ಏನಪ್ಪಾ, ರಕ್ತ ಇಷ್ಟು ಇಳಿದಿದೆ. ಮಾತ್ರೆ ಕೊಡ್ತಿಲ್ವಾ?"

"ಅಕ್ಕಾ, ಅವಳು ಇಲ್ಲೇ ಕೂತು ಸ್ಪೀಕರ್‌ಗೆ ತಂತಿ ಕಾಯಿಲ್ ಸುತ್ತೋದು. ಈ ಮ್ಯಾಗ್ನೆಟ್‌ಗಳು ಬಿದ್ದ ಸ್ಕ್ರೂನ ಬಿಡಲ್ಲ, ಎಳ್ಕೊಂಡ್ಬಿಡ್ತವೆ. ಹೊಟ್ಟೇಲಿ ಕಬ್ಬಿಣ ಸೇರಿದ್ರೆ ಮಗೂನ ಬಿಡ್ತವಾ?"

"ಮಾತ್ರೆ ಕೊಡು ಅಂತ ಹೇಳಿ ಹೇಳಿ ನನಗೆ ಬಾಯಿ ನೋವು ಬಂತಕ್ಕಾ," ಎಂದಳು ಹೆಂಡತಿ. ಮುಖ ಬಿಳಿಚಿಕೊಂಡಿತ್ತು. ಎರಡು ಮೆಟ್ಟಿಲು ಹತ್ತಿದರೆ ಏದುಸಿರು.

ನರ್ಸಕ್ಕ ತಮ್ಮ ಚೀಲದಿಂದ ಒಂದು ಮಾತ್ರೆ ತೆಗೆದು ಮೇಜಿನ ಮೇಲಿಟ್ಟರು. "ನಿನ್ನ ದೊಡ್ಡ ಮ್ಯಾಗ್ನೆಟ್ ತಗೊಂಡು ಬಾ."

ತಂದು ಹತ್ತಿರ ಹಿಡಿದ. ಮಾತ್ರೆ ಜಪ್ಪಯ್ಯ ಅಂದರೂ ಕದಲಲಿಲ್ಲ. ಮ್ಯಾಗ್ನೆಟ್ ತಿರುಗಿಸಿ ತಾಗಿಸಿದ. ಊಹೂಂ.

"ಮಾತ್ರೇಲಿರೋ ಕಬ್ಬಿಣ ಸ್ಕ್ರೂ ಥರ ಅಲ್ಲ. ರಕ್ತದಲ್ಲಿರೋದೂ ಅಷ್ಟೇ."

"ಹಂಗಾದ್ರೆ ಮ್ಯಾಗ್ನೆಟ್‌ನಿಂದ ಮಗುಗೆ ಏನೂ ಆಗಲ್ವಾ?"

"ಬಸುರಿ ಇಲಿಗಳನ್ನ ತುಂಬಾ ಜೋರು ಕಾಂತಕ್ಷೇತ್ರದಲ್ಲಿಟ್ಟು ನೋಡಿದ್ದಾರೆ. ಕೆಲವು ಪ್ರಯೋಗದಲ್ಲಿ ಮರಿಗಳ ಬೆಳವಣಿಗೇಲಿ ವ್ಯತ್ಯಾಸ ಕಂಡಿದೆ, ಎಷ್ಟೋ ಪ್ರಯೋಗದಲ್ಲಿ ಏನೂ ಕಂಡಿಲ್ಲ. ಮನೇಲಿರೋ ಮಿಕ್ಸಿ, ಸ್ಪೀಕರ್‌ನಿಂದ ತೊಂದರೆ ಅಂತ ಸಾಬೀತಾಗಿಲ್ಲ. ಆದ್ರೆ ಅವಳ ಕುರ್ಚಿ ಪಕ್ಕದಲ್ಲಿ ಏನದು?"

"ಮ್ಯಾಗ್ನೆಟ್‌ಗೆ ಶಕ್ತಿ ತುಂಬೋ ಮೆಷಿನ್ನು."

"ಅದು ಜೋರಿನದು. ದೂರ ಹೋದಷ್ಟೂ ಅದರ ಬಲ ಬೇಗ ಕುಗ್ಗುತ್ತೆ. ಕುರ್ಚಿ ಆ ಕಿಟಕಿ ಹತ್ರ ಹಾಕು. ಡಾಕ್ಟರಿಗೂ ಈ ಕೆಲಸದ ವಿಷಯ ಹೇಳು."

ಮಾತು ಮುಗಿಯುವಷ್ಟರಲ್ಲಿ ಕುರ್ಚಿ ಕಿಟಕಿಯ ಪಕ್ಕದಲ್ಲಿತ್ತು. ಹೆಂಡತಿಯನ್ನು ಒಳಗಿನ ಬೆಂಚಿನ ಮೇಲೆ ಮಲಗಿಸಿ, ನರ್ಸಕ್ಕ ಮಗುವಿನ ಎದೆಬಡಿತ ಕೇಳಿಸುವ ಪುಟ್ಟ ಯಂತ್ರವನ್ನು ಹೊಟ್ಟೆಯ ಮೇಲೆ ಆಡಿಸಿದರು. ಮೊದಲು ಬರೀ ಗೊರಗೊರ. ಆಮೇಲೆ ದಡದಡ, ದಡದಡ, ದಡದಡ.

ದಿನವಿಡೀ ಸದ್ದು ಕೇಳಿಯೇ ಹೊಟ್ಟೆ ಹೊರೆಯುವವನು ಇಂಥ ಸದ್ದು ಕೇಳಿರಲಿಲ್ಲ. ಖುಷಿಗೆ ಅವನ ಕಣ್ಣು ತುಂಬಿ ಬಂತು. "ಅಕ್ಕಾ, ಇಷ್ಟು ಜೋರಾಗಿ ಓಡ್ತಿದೆಯಲ್ಲ."

"ಓಡೋಕೆ ಅಮ್ಮನ ಮೈಯಲ್ಲಿ ರಕ್ತ ಬೇಡ್ವಾ?"

ಅವನು ತಲೆ ತಗ್ಗಿಸಿದ. ಬಚ್ಚಿಟ್ಟಿದ್ದ ಮಾತ್ರೆಗಳನ್ನೆಲ್ಲ ತಂದು, ಎದ್ದು ಕೂತ ಹೆಂಡತಿಯ ಮಡಿಲಿಗೆ ಹಾಕಿ, ನೀರಿನ ಲೋಟ ಹಿಡಿದು ನಿಂತ. "ತಪ್ಪಾಯ್ತು ಕಣೇ, ಒಂದು ನುಂಗು."

ಬಸುರಿಯರೇ, ಅವರ ಮನೆಯವರೇ, ನೀವು ದುಡಿಯುವ ಕಡೆ ಜೋರು ಮ್ಯಾಗ್ನೆಟ್ ಯಂತ್ರಗಳಿವೆಯೇ? ಬಸುರು ಎಂದು ಗೊತ್ತಾದ ಕೂಡಲೇ ಡಾಕ್ಟರಿಗೂ ಕೆಲಸದ ಯಜಮಾನರಿಗೂ ತಿಳಿಸಿ, ಯಂತ್ರದಿಂದ ದೂರ ಕೂರಿ. ಅನುಮಾನ ಬಂದರೆ ನರ್ಸನ್ನು ಕೇಳಿ, ಎಷ್ಟು ಸಲ ಬೇಕಾದರೂ ಕೇಳಿ. ಕೇಳದೆ ಮಾತ್ರ ಮಾತ್ರೆ ನಿಲ್ಲಿಸಬೇಡಿ. ನಿಮ್ಮ ಭಯದ ಬೆಲೆಯನ್ನು ಮಗು ತೆರುವಂತಾಗಬಾರದು.