ಕೆಂದಿ ತಿಂದ ಎಳೇ ಜೋಳ

ಕೆಂದಿ ಹಸು ಸತ್ತದ್ದು ಮುತ್ತಮ್ಮ ದೊಡ್ಡಮ್ಮನ ಕಣ್ಣು ತಾಗಿ ಎಂದೇ ಹಾರನಹಳ್ಳಿಯಲ್ಲಿ ನಂದಿತಾಳ ಮನೆಯವರೆಲ್ಲ ನಂಬಿದ್ದರು. "ಅಬ್ಬಬ್ಬಾ, ಏಟ್ ಹಾಲ್ ಕೊಡ್ತೈತೆ ಇದು!" ಎಂದು ದೊಡ್ಡಮ್ಮ ಬೆರಗಾದ ಸಂಜೆಯೇ ಹಸು ಉಸಿರಾಡಲಾರದೆ ಒದ್ದಾಡಿ ಬಿದ್ದಿತ್ತು. ಮೂರು ವರ್ಷದಿಂದ ಎರಡು ಮನೆಗಳ ನಡುವೆ ಮಾತಿರಲಿಲ್ಲ.

2002ರ ಒಂದು ಸೋಮವಾರ ಅರಸೀಕೆರೆಯ ಕಾಲೇಜಿನಲ್ಲಿ ನಂದಿತಾಳ ಮೇಷ್ಟ್ರು ಪಾಠ ಮಾಡುತ್ತಿದ್ದರು. "ನಮ್ ಜೀವಕೋಶದಲ್ಲೂ ಬ್ಯಾಕ್ಟೀರಿಯಾದಲ್ಲೂ ಗಂಧಕವನ್ನ ಒಂದರಿಂದ ಇನ್ನೊಂದಕ್ಕೆ ದಾಟಿಸೋ ಕಿಣ್ವ ಇರುತ್ತೆ. ಸೈನೈಡ್ ಬಂದ್ರೆ ಅದಕ್ಕೆ ಗಂಧಕ ಅಂಟಿಸಿ ವಿಷ ಇಳಿಸುತ್ತೆ. ಹಸೂಗೂ ಇದೆ. ಆದ್ರೆ ಬಾಡಿದ ಎಳೇ ಜೋಳದಲ್ಲಿ ಆ ವಿಷ ಜಾಸ್ತಿ. ಒಂದೇ ಸಲ ಹೊಟ್ಟೆ ತುಂಬ ತಿಂದ್ರೆ ಗಂಧಕ ಸಾಲಲ್ಲ, ಹಸು ಉಳಿಯಲ್ಲ."

ನಂದಿತಾಳ ಪೆನ್ನು ನಿಂತಿತು. ಕೆಂದಿ ಸತ್ತ ದಿನ ಅದಕ್ಕೆ ಮುದ್ದಿನಿಂದ, ಮಳೆಯಿಲ್ಲದೆ ಬಾಡಿದ್ದ ಎಳೇ ಜೋಳವನ್ನು ಹೊಟ್ಟೆ ತುಂಬ ಕೊಯ್ದು ಹಾಕಿದವಳು ಅವಳೇ.

ಬಸ್ಸಿಳಿದವಳು ಮನೆಗೆ ಹೋಗದೆ ನೇರ ದೊಡ್ಡಮ್ಮನ ಜಗಲಿಗೆ ಹೋದಳು. ರಾಗಿ ಕೇರುತ್ತಿದ್ದ ಮುತ್ತಮ್ಮನ ಕಾಲು ಹಿಡಿದು ಎಲ್ಲವನ್ನೂ ಹೇಳಿ ಅತ್ತಳು. "ನಿನ್ ಕಣ್ಣಲ್ಲ ದೊಡ್ಡಮ್ಮ, ನಾನೇ ಕೊಂದಿದ್ದು."

"ಏಳು ಮಗಾ, ನೀನೇನ್ ಬೇಕೂಂತ ಹಾಕಿದ್ಯಾ?" ಎಂದಳು ಮುತ್ತಮ್ಮ. "ನಾನೂ ನಂಬ್ಬಿಟ್ಟಿದ್ದೆ ಕಣೇ. ಅವತ್ತಿಂದ ಯಾರ್ ಕರೂನೂ ಯಾರ್ ಕೂಸ್ನೂ ಕಣ್ಣೆತ್ತಿ ನೋಡಿಲ್ಲ."

"ಈಗ ನನ್ನನ್ನ ನೋಡು, ದೊಡ್ಡಮ್ಮ."

ಮುತ್ತಮ್ಮ ಮುಖ ಎತ್ತಲು ಹೋಗಿ ಮತ್ತೆ ಮೊರದ ಕಡೆಗೇ ತಗ್ಗಿಸಿದಳು.

"ನೀನೇಳೋದು ನಿಜಾನೇ ಇರಬೈದು. ಆದ್ರೂ ಬ್ಯಾಡ ಕಣೇ, ಬೆಳೆದ್ ಹುಡ್ಗಿ ನೀನು."