ಪರದೆಯ ಮೇಣದಬತ್ತಿ

"ಏ ಮೀನುಪುಡಿ ಮುದುಕಿ, ಅಲ್ಲೇ ನಿಲ್ಲು! ಕುರ್ಚಿ ಮೇಲೆ ಕೂತ್ರೆ ಆ ನಾತ ನಾಳೆವರ್ಗೂ ಹೋಗಲ್ಲ," ಎನ್ನುತ್ತಾ ನರ್ಸ್ ಗ್ಲಾಡಿಸ್ ಕಿಟಕಿ ತೆರೆದಳು.

"ನಿಂಗಾದ್ರೂ ನಾತ ತಿಳೀತೈತಲ್ಲ ತಾಯಿ," ಅವ್ವ ನಿಂತಲ್ಲೇ ಅಂದಳು. "ನಂಗೆ ಮತ್ತೆ ಏನೂ ತಿಳೀತಿಲ್ಲ."

ನಮ್ಮ ಬಂದರೂರು ಚಿಂಬೊಟೆಯ ಮೀನುಪುಡಿ ಕಾರ್ಖಾನೆಯಲ್ಲಿ ಚೀಲ ತುಂಬಿ ತುಂಬಿ ಅವಳಿಗೆ ಉಬ್ಬಸ ಹತ್ತಿತ್ತು. ಮೂಗಿನೊಳಗೆ ಸಿಪ್ಪೆ ಸುಲಿದ ದ್ರಾಕ್ಷಿಯಂಥ ಗಂಟುಗಳು. ನಾನು ಹುಟ್ಟುವ ಮೊದಲೇ ಅವಳ ಪಾಲಿಗೆ ವಾಸನೆ ಸತ್ತಿತ್ತು. ಇವೆರಡೂ ಇರುವವರ ಮೇಲೆ ಹೊಸ ಔಷಧಿ ಪರೀಕ್ಷಿಸಬೇಕೆಂದು ಆಸ್ಪತ್ರೆಯವರೇ ಕಾರ್ಖಾನೆ ಗೇಟಿಗೆ ಬಂದು ಕರೆದೊಯ್ದಿದ್ದರು. ಹೊಟ್ಟೆಗೆ ಸೂಜಿ. ಕೆಲವರಿಗೆ ಔಷಧಿ ಬದಲು ಬರೀ ನೀರಂತೆ. ಅವ್ವನಿಗೆ ಬಿದ್ದದ್ದು ಔಷಧಿಯೇ ಇರಬೇಕು. ಒಂದು ಬೆಳಿಗ್ಗೆ ಕೊತ್ತಂಬರಿ ಕಟ್ಟನ್ನು ಮುಖಕ್ಕೆ ಒತ್ತಿಕೊಂಡು ಒಲೆ ಮುಂದೆ ನಿಂತುಬಿಟ್ಟಿದ್ದಳು. ಆಮೇಲೆ ನನ್ನ ನೆತ್ತಿ ಮೂಸಿದಳು.

"ಇಷ್ಟು ವರ್ಷ ನೀ ಹಿಂಗಿದ್ದೇನೇ, ಸುಲೆಮಾ?"

ಅಜ್ಜಿ ಹೇಳುತ್ತಿದ್ದ ಕಥೆಯಲ್ಲಿ ಕಡಲ ಮುದುಕಿ ಮುಳುಗುವವರಿಗೆ ಉಸಿರು ಕಡ ಕೊಡುತ್ತಾಳೆ. ದಡ ಕಾಣುತ್ತಲೇ ವಾಪಸು ಕೇಳುತ್ತಾಳೆ. ಅಲ್ಲಿಗೆ ನಾನು ಕಿವಿ ಮುಚ್ಚಿಕೊಳ್ಳುತ್ತಿದ್ದೆ.

ಸೂಜಿ ನಿಲ್ಲಿಸಿ ಒಂದು ಚಳಿಗಾಲ ಕಳೆದಿತ್ತು.

ಡಾಕ್ಟರ್ ಪರೆದೆಸ್ ಮೊಬೈಲಿನಿಂದ ತಲೆ ಎತ್ತಲಿಲ್ಲ. "ಇವತ್ತೇ ಕೊನೆ. ಯಂತ್ರಕ್ಕೆ ಊದಿ ಹೋಗು."

"ಸೂಜಿ, ಡಾಕ್ಟ್ರೇ?"

"ಪರೀಕ್ಷೆ ಮುಗೀತಲ್ಲ. ಔಷಧಿ ನಿಲ್ಸಿದ್ಮೇಲೆ ಎಷ್ಟು ಬೇಗ ಕೆಡುತ್ತೆ ನೋಡ್ಬೇಕು, ಅಷ್ಟೆ."

"ಕೆಟ್ಟೈತೆ. ಕುಂತ್ಕಂಡೇ ನಿದ್ದೆ ಮಾಡ್ತೀನಿ. ದಮ್ಮಯ್ಯ, ಸೂಜಿ ಮತ್ತೆ ಹಾಕ್ಸಿ."

"ಅದು ಅಂಗಡಿಗೆ ಬಂದ್ಮೇಲೆ ಕೊಂಡ್ಕೊ."

ಗ್ಲಾಡಿಸ್ ಕಿಸಕ್ಕನೆ ನಕ್ಕಳು. "ಕಾರ್ಖಾನೆನೇ ಮಾರ್ಬೇಕಾಗುತ್ತೆ, ಪಾಪ."

ಅವಳು ಅವ್ವನನ್ನು ಯಂತ್ರದ ಮುಂದೆ ನಿಲ್ಲಿಸಿ, ಮೂಗಿಗೆ ಕ್ಲಿಪ್ ಸಿಕ್ಕಿಸಿ, ಬಾಯಿಗೆ ಕೊಳವೆ ಇಟ್ಟಳು. ಪರದೆಯಲ್ಲಿ ಮೇಣದಬತ್ತಿಗಳ ಸಾಲು ಹೊತ್ತಿಕೊಂಡಿತು. ಮಕ್ಕಳಿಗೆಂದು ಮಾಡಿದ ಆಟ. ಊದಿದ ಉಸಿರಿಗೆ ತಕ್ಕಂತೆ ಬತ್ತಿಗಳು ಆರುತ್ತವೆ. ಮೊದಲ ಸಲ ಒಂದೂ ಆರಿರಲಿಲ್ಲ. ಸೂಜಿಯ ಕಾಲದಲ್ಲಿ ಒಂದೇ ಉಸಿರಿಗೆ ಸಾಲೆಲ್ಲ ಆರಿ, ಹುಟ್ಟಿದ ದಿನ ಯಾವುದೆಂದೇ ತಿಳಿಯದ ಅವ್ವ ಚಪ್ಪಾಳೆ ತಟ್ಟಿದ್ದಳು.

"ಊದು."

ಅವ್ವ ಊದಲಿಲ್ಲ.

"ಊದೇ, ಮುಂಡೇದೆ! ಊಟದ ಚೀಟಿ ಕೊಡಲ್ಲ ನೋಡು," ಗ್ಲಾಡಿಸ್ ಭುಜ ಅಲುಗಿಸಿದಳು.

ಡಾಕ್ಟರು ಈಗ ತಲೆ ಎತ್ತಿದರು. "ನೋಡಮ್ಮಾ, ನೀನು ಊದದಿದ್ರೆ ನಿಂದು ಇಷ್ಟು ದಿನದ ಲೆಕ್ಕ ಎಲ್ಲ ದಂಡ. ನಮ್ಗೆ ಕೊನೇದು ಬೇಕೇ ಬೇಕು."

ಅಮ್ಮಾ ಎಂದದ್ದು ಅದೇ ಮೊದಲು.

ಅವ್ವ ಕೊಳವೆ ತೆಗೆದು ಅವರ ಮೇಜಿನ ಮೇಲಿಟ್ಟಳು. ಕ್ಲಿಪ್ಪಿನಿಂದ ದನಿ ಗೊಗ್ಗರಾಗಿತ್ತು.

"ನನ್ ಉಸ್ರು ಬೇಕಾ, ಡಾಕ್ಟ್ರೇ? ಅಂಗಡೀಗೆ ಬಂದ್ಮ್ಯಾಲೆ ಕೊಂಡ್ಕೊಳಿ."

ಉಸಿರು ಹಿಡಿದು ತುಟಿ ಬಿಗಿದಳು. ಮೂಗಿನ ಕ್ಲಿಪ್ ಹಾಗೇ ಇತ್ತು. ಗ್ಲಾಡಿಸ್ ಕೂಗುತ್ತಿದ್ದಳು. ಅವ್ವನ ಮುಖ ಕಪ್ಪಿಡತೊಡಗಿತು. ನಾನು ಪರದೆ ನೋಡುತ್ತಾ ನಿಂತಿದ್ದೆ. ಮೇಣದಬತ್ತಿಗಳು ಒಂದೂ ಅಲುಗದೆ ಉರಿಯುತ್ತಿದ್ದವು.